ಕರೆಂಟಮ್ಮನ ದನಿ

ಊರಿನಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. "ನಮಸ್ಕಾರ. ನಿಮ್ಮ ಬಡಾವಣೆಯಲ್ಲಿ ಇಂದು ವಿದ್ಯುತ್ ಸರಬರಾಜು ಇರುವುದಿಲ್ಲ. ತೊಂದರೆಗಾಗಿ ವಿಷಾದಿಸುತ್ತೇವೆ" ಅಂತ ಫೋನಿನಲ್ಲಿ ಹೇಳುವ ಹೆಂಗಸು ಇವಳೇ. ಕರೆಂಟು ತೆಗೆಯುವ ಮೊದಲು ವಿದ್ಯುತ್ ಕಂಪನಿಯಿಂದ ಮನೆಮನೆಗೂ ಈ ಕರೆ ಹೋಗುತ್ತಿತ್ತು. ಜನ ಕರೆಂಟಮ್ಮ ಅಂತ ಹೆಸರಿಟ್ಟಿದ್ದರು, ಹೆಸರಿನ ಜೊತೆ ಬೈಗುಳವನ್ನೂ ಧಾರಾಳವಾಗಿ ಕೊಡುತ್ತಿದ್ದರು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತವನು ಫೋನ್ ಕಿವಿಗಿಟ್ಟುಕೊಂಡು "ಬಂದಳಪ್ಪ ಅನಿಷ್ಟ" ಅನ್ನುವಾಗ ಇವಳು ಕಿಟಕಿಯ ಆಚೆ ನೋಡುತ್ತ ಬಾಯಿ ಬಿಗಿದುಕೊಂಡು ಕೂರುತ್ತಿದ್ದಳು. ಬಾಯಿ ಬಿಟ್ಟರೆ ಗುರುತು ಸಿಕ್ಕಿಬಿಡುತ್ತಿತ್ತು.

ಅವಳ ಗಂಡ ಬಸ್ ಡ್ರೈವರ್, ತಮಾಷೆಯ ಮನುಷ್ಯ. "ಊರಿಗೆಲ್ಲ ವಿಷಾದಿಸ್ತೀಯ, ಮನೇಲಿ ಮಾತ್ರ ಒಂದು ದಿನ ತಪ್ಪಾಯ್ತು ಅಂದಿದ್ದು ಕೇಳಲಿಲ್ಲ" ಅಂತ ಕಾಡುತ್ತಿದ್ದ. "ಮನೇಲಿ ತಪ್ಪು ಮಾಡೋಳು ನಾನಲ್ವಲ್ಲ, ಯಾಕೆ ವಿಷಾದಿಸ್ಲಿ?" ಅಂತ ಅವಳು ತಿರುಗಿಸಿ ಕೊಡುತ್ತಿದ್ದಳು. ಆ ಜಗಳ ಪ್ರತಿ ಸಲವೂ ಅವಳೇ ಗೆಲ್ಲುತ್ತಿದ್ದಳು, ಬದುಕು ನಡೆದುಕೊಂಡು ಹೋಯಿತು.

ಅವಳು ಕಂಪನಿಗೆ ಸೇರಿದ್ದು ದೂರು ಕೇಳುವ ಕೆಲಸಕ್ಕೆ. ಉದ್ದನೆಯ ಹಜಾರದಲ್ಲಿ ಸಾಲಾಗಿ ಮೇಜು, ಪ್ರತಿ ಮೇಜಿಗೂ ಒಂದು ಫೋನು, ಪ್ರತಿ ಫೋನಿನ ಆಚೆ ಕೆಂಡದಂಥ ಕೋಪದ ಒಬ್ಬ ಗ್ರಾಹಕ. ಉಳಿದವರ ಮೇಜಿನಲ್ಲಿ ಕೂಗಾಟ, ಇವಳ ಮೇಜಿನಲ್ಲಿ ಐದು ಮಾತು ಮುಗಿಯುವಷ್ಟರಲ್ಲಿ ಬೈಯುತ್ತಿದ್ದವನೇ "ನಿಮ್ಮದೇನು ತಪ್ಪು ಬಿಡಿಮ್ಮ" ಅಂತ ಸಮಾಧಾನ ಹೇಳಿ ಫೋನ್ ಇಡುತ್ತಿದ್ದ. ಕಂಪನಿಯವರು ಈ ದನಿಯ ಬೆಲೆ ಬೇಗ ಕಂಡುಕೊಂಡರು. ಹಜಾರದ ಕೊನೆಯಲ್ಲಿ ಒಂದು ಪುಟ್ಟ ಗಾಜಿನ ಕೋಣೆ, ಒಳಗೆಲ್ಲ ಸದ್ದು ಹೀರುವ, ಹಳೆಯ ಹಾಸಿಗೆಯ ವಾಸನೆ ಹೊಡೆಯುವ ಸ್ಪಂಜು. ಅಲ್ಲಿ ಕೂರಿಸಿ ಅವಳಿಂದ ಊರಿನ ಎಲ್ಲ ಬೀದಿಗಳ ಹೆಸರು, ಎಲ್ಲ ವಾರ, ಎಲ್ಲ ಗಂಟೆ ಹೇಳಿಸಿದರು. ಪ್ರತಿಯೊಂದನ್ನೂ ಎರಡೆರಡು ಥರ ಹೇಳಬೇಕು: ವಾಕ್ಯದ ನಡುವೆ ಬರುವಾಗ ದನಿ ಎತ್ತಿ ಒಮ್ಮೆ, ಕೊನೆಗೆ ಬರುವಾಗ ಇಳಿಸಿ ಒಮ್ಮೆ. ಆಮೇಲೆ ಯಂತ್ರ ಬೇಕಾದ ತುಂಡುಗಳನ್ನು ಎತ್ತಿ ಜೋಡಿಸಿಕೊಳ್ಳುತ್ತಿತ್ತು. ವರ್ಷ ವರ್ಷವೂ ಹೊಸ ಬಡಾವಣೆ, ಹೊಸ ಸಬೂಬು. ಇವಳು ಗಂಟಲು ಒಣಗುವ ತನಕ ಹೇಳಿದಳು, ಅವರು ತುಂಬಿಟ್ಟುಕೊಂಡರು.

ಜನರೂ ಒಗ್ಗಿಕೊಂಡರು. ಅವಳ "ನಮಸ್ಕಾರ" ಒಂದು ಕಿವಿಗೆ ಬಿದ್ದರೆ ಸಾಕು, ಮುಂದಿನ ಮಾತಿಗೆ ಯಾರೂ ಕಾಯುತ್ತಿರಲಿಲ್ಲ. ಫೋನ್ ಎಸೆದು ನೀರಿನ ಪಂಪಿನ ಸ್ವಿಚ್ಚಿಗೆ ಓಡುವುದು, ಬಕೆಟ್ಟು ಕೊಡ ತುಂಬಿಕೊಳ್ಳುವುದು. ಊರಿಗೆ ಊರೇ ಇದರಲ್ಲಿ ಪಳಗಿತ್ತು.

ಅವಳ ಅಪ್ಪನೂ ಇದೇ ಕಂಪನಿಯವನು. ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಸ್ಥಾವರದಲ್ಲಿ ಬೂದಿ ತೆಗೆಯುವ ಕೆಲಸ. ಮನೆಗೆ ಬಂದರೆ ರೆಪ್ಪೆಯಲ್ಲಿ ಬೂದಿ, ಕಿವಿಯಲ್ಲಿ ಬೂದಿ, ಕೆಮ್ಮಿದರೆ ಬೂದಿ. ಕೆಮ್ಮಿ ಕೆಮ್ಮಿಯೇ ಸತ್ತ. ಆಗ ಅಮ್ಮ ಇವಳ ಕೈ ಹಿಡಿದುಕೊಂಡು ಸ್ಥಾವರದ ಗೇಟಿನಲ್ಲಿ ನಿಂತಿದ್ದಳು. ಕಾರಿನ ಗಾಜು ಅರ್ಧ ಇಳಿಸಿ, ಹೊಸದಾಗಿ ಬಂದಿದ್ದ ಯುವ ಮ್ಯಾನೇಜರು ಹೇಳಿದ: "ಸಿಗರೇಟು ಸೇದೋರಿಗೆಲ್ಲ ಹೀಗೇ ಆಗೋದಮ್ಮ. ನಾವೇನು ಮಾಡೋಕಾಗುತ್ತೆ?" ಅಪ್ಪ ಜನ್ಮದಲ್ಲಿ ಒಂದು ಸಿಗರೇಟು ಮುಟ್ಟಿದವನಲ್ಲ. ಗಂಡ ಸತ್ತದ್ದನ್ನು ಅಮ್ಮ ಹೇಗೋ ನುಂಗಿಕೊಂಡಳು, ಆ ಮಾತನ್ನು ಮಾತ್ರ ಸಾಯುವ ತನಕ ನುಂಗಲಾರೆ ಅನ್ನುತ್ತಿದ್ದಳು.

ಆ ಯುವ ಮ್ಯಾನೇಜರು ಏಣಿ ಹತ್ತಿ ಹತ್ತಿ ಕಂಪನಿಯ ತುದಿಯಲ್ಲಿ ಕೂತ. ಎಲ್ಲರೂ ಅವನನ್ನು 'ದೊಡ್ಡವರು' ಅನ್ನುತ್ತಿದ್ದರು. ಏನು ದೊಡ್ಡದಾಗಿತ್ತೋ ದೇವರೇ ಬಲ್ಲ.

ಅಮ್ಮ ಈಗ ಊರಿನ ಇನ್ನೊಂದು ತುದಿಯಲ್ಲಿ ಇವಳ ತಮ್ಮನ ಮನೆಯಲ್ಲಿದ್ದಳು. ಕಣ್ಣು ಪೂರ್ತಿ ಹೋಗಿತ್ತು. ತಮ್ಮ, ಅವನ ಹೆಂಡತಿ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯ ತನಕ ಅಮ್ಮನಿಗೆ ಜೊತೆ ಗುಂಡಿ ಒತ್ತುವ ಫೋನೊಂದೇ. ಮಗಳ ಮುಖ ನೋಡಲಾಗದವಳಿಗೆ ಮಗಳು ಅಂದರೆ ಆ ದನಿಯೇ. ಭಾನುವಾರ ಭಾನುವಾರ ಅವಳು ಫೋನ್ ಮಾಡುತ್ತಿದ್ದಳು. ದನಿ ಕೇಳಿಯೇ ಅಮ್ಮ ಅವಳಿಗೆ ನೆಗಡಿಯೋ, ಗಂಡನ ಜೊತೆ ಜಗಳವೋ, ನಿದ್ದೆಗೆಟ್ಟಿದ್ದಾಳೋ ಎಲ್ಲ ಹೇಳಿಬಿಡುತ್ತಿದ್ದಳು. ಅವರಿಬ್ಬರ ನಡುವೆ ಉಳಿದಿದ್ದದ್ದು ಅದೊಂದೇ.

ಹೀಗಿರುವಾಗ ದೊಡ್ಡವರಿಗೆ ದೇಶಸೇವೆಯ ಹುಚ್ಚು ಹತ್ತಿತು.

ಕಂಪನಿಯ ಸಭಾಂಗಣದಲ್ಲಿ ಬೀಳ್ಕೊಡುಗೆ. ನೌಕರರನ್ನೆಲ್ಲ ತಂದು ಕೂರಿಸಿದ್ದರು, ಬಾಗಿಲಲ್ಲಿ ಹಾಜರಿ ಬೇರೆ. ಅವನು ಟೈ ಬಿಚ್ಚಿ, ಕೋಟು ಕಳಚಿ, ತೋಳು ಮಡಿಸಿಕೊಂಡು ವೇದಿಕೆಗೆ ಬಂದ. ಮೊನ್ನೆಯ ತನಕ ಲಿಫ್ಟಿನಲ್ಲಿ ಯಾರ ಜೊತೆಯೂ ಹತ್ತದವನು ಈಗ "ನನ್ನ ಕುಟುಂಬ" ಅಂದ. "ನಿಮ್ಮ ಮನೆಗಳಿಗೆ ಬೆಳಕು ಕೊಟ್ಟೆ. ಈಗ ದೇಶ ಕರೀತಿದೆ. ಪಾರ್ಲಿಮೆಂಟಿಗೆ ಹೋಗಿ ದೇಶಕ್ಕೇ ಬೆಳಕು ಕೊಡ್ತೀನಿ" ಅಂದ. ಕರ್ಚೀಫು ತೆಗೆದು ಒಣಗಿದ ಕಣ್ಣು ಒರೆಸಿಕೊಂಡ. ಆ ಹೊತ್ತಿಗೇ ಊರಿನ ಅರ್ಧಕ್ಕೆ ಕರೆಂಟಿರಲಿಲ್ಲ. ಅವನು ನಿಲ್ಲುವ ಕ್ಷೇತ್ರದ ಬೀದಿಗಳಲ್ಲಿ ಚುನಾವಣೆ ಮುಗಿಯುವ ತನಕ ದೀಪ ಆರಬಾರದು ಅಂತ ಹುಕುಂ ಆಗಿತ್ತು, ಆ ಕೊರತೆಯನ್ನೆಲ್ಲ ಆಚೆಯ ಕ್ಷೇತ್ರದವರ ತಲೆಗೆ ಕಟ್ಟಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಕರೆಂಟಮ್ಮ ಚಪ್ಪಾಳೆ ತಟ್ಟಲಿಲ್ಲ. ಎದ್ದು ಹೋಗೋಣ ಅಂದರೆ ಬಾಗಿಲಲ್ಲಿ ಹಾಜರಿಯವನು ನಿಂತಿದ್ದ. ಪಕ್ಕದವಳು ಚಪ್ಪಾಳೆ ತಟ್ಟುತ್ತ, ತುಟಿ ಅಲ್ಲಾಡಿಸದೆ, "ತಟ್ಟಕ್ಕ, ನೋಡ್ತಿದಾರೆ" ಅಂದಳು.

ಮಾರನೆಯ ದಿನ ಅವಳಿಗೆ ಮೇಲಿನ ಮಹಡಿಯಿಂದ ಕರೆ. ಕಾಲು ಹೂತುಹೋಗುವಂಥ ರತ್ನಗಂಬಳಿಯ ಕೋಣೆ. ದೊಡ್ಡವರು ಎದ್ದು ನಿಂತು ಸ್ವಾಗತಿಸಿದರು. ಪಕ್ಕದಲ್ಲಿ ಕಂಪ್ಯೂಟರ್ ವಿಭಾಗದ ಗಡ್ಡದವನು ನಿಂತಿದ್ದ, ಪ್ರಚಾರದ ಉಸ್ತುವಾರಿ ಈಗ ಅವನದು.

"ಬಾಮ್ಮ, ಕೂತ್ಕೋ. ನಮ್ಮ ಮನೆಮಗಳು ನೀನು. ಇಡೀ ಊರು ನಿನ್ನ ದನಿ ನಂಬುತ್ತೆ. ನನ್ನ ಪರವಾಗಿ ಎರಡು ಮಾತು ರೆಕಾರ್ಡ್ ಮಾಡಿಕೊಡು, ಅಷ್ಟೇ" ಅಂದರು ದೊಡ್ಡವರು.

ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಆಮೇಲೆ ತಾವಾಗಿಯೇ ಸೇರಿಸಿದರು: "ನಿನ್ನ ತಂದೆಯವರೂ ನಮ್ಮಲ್ಲೇ ಇದ್ದರಂತಲ್ಲ? ಚೆನ್ನಾಗಿದಾರಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಂದು ಕಾರಿನ ಗಾಜು ಇಳಿಸಿದವನಿಗೆ ಗೇಟಿನಲ್ಲಿ ನಿಂತವರು ಯಾರೆಂಬುದೂ ನೆನಪಿರಲಿಲ್ಲ.

"ನನ್ನಿಂದ ಆಗಲ್ಲ ಸಾರ್" ಅಂದಳು. ಅವಳ ದನಿಯೇ ಹಾಗೆ, ಇಲ್ಲ ಅಂದದ್ದೂ ಹೂಂ ಅಂದ ಹಾಗೆ ಕೇಳಿಸಿರಬೇಕು. ಅದಕ್ಕೇ ಇನ್ನೊಂದು ಸಲ ಬಿಡಿಸಿ ಹೇಳಿದಳು: "ಮಾಡಲ್ಲ ಸಾರ್."

ಗಡ್ಡದವನ ಮುಖ ಸಪ್ಪಗಾಯಿತು. ದೊಡ್ಡವರು ಮಾತ್ರ ನಗುತ್ತಲೇ ಇದ್ದರು. "ಪರವಾಗಿಲ್ಲಮ್ಮ. ಒತ್ತಾಯ ಏನಿಲ್ಲ" ಅಂದರು. ಅಷ್ಟು ಸಲೀಸಾಗಿ ಬಿಟ್ಟುಬಿಟ್ಟದ್ದು ಯಾಕೆ ಅಂತ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಗೆದ್ದ ಸಂಭ್ರಮದಲ್ಲಿದ್ದಳು. ಆ ಭಾನುವಾರ ಅಮ್ಮನಿಗೆ ಎಲ್ಲ ಒಪ್ಪಿಸಿದಳು. ಅಮ್ಮ, "ನಿಮ್ಮಪ್ಪ ಇದ್ದಿದ್ರೆ ನಿನ್ನ ಎತ್ಕೊಂಡು ಕುಣೀತಿದ್ದ ಕಣೆ" ಅಂದಳು. ಮರುಕ್ಷಣವೇ, "ಕೆಲಸಕ್ಕೆ ಏನೂ ತೊಂದರೆ ಮಾಡಲ್ಲ ತಾನೆ ಆ ಪಾಪಿಗಳು?" ಅಂತಲೂ ಕೇಳಿದಳು.

ಪ್ರಚಾರ ಶುರುವಾದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ಅವಳು ಮುಖ ತೊಳೆದುಕೊಳ್ಳುತ್ತಿದ್ದಳು. ಗಂಡ ಫೋನ್ ಹಿಡಿದುಕೊಂಡು ಬಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ನೀನು ಮಾಡಲ್ಲ ಅಂದೆ ಅಂತ ಹೇಳಿದ್ಯಲ್ಲ?"

ಫೋನಿನಲ್ಲಿ ಅವಳೇ ಮಾತಾಡುತ್ತಿದ್ದಳು. "ನಮಸ್ಕಾರ. ನಾನು ನಿಮ್ಮ ಕರೆಂಟಮ್ಮ. ಇಷ್ಟು ವರ್ಷ ನನ್ನ ಮಾತು ನಂಬಿದ್ದೀರಿ. ನಾನು ದೊಡ್ಡವರನ್ನು ನಂಬಿದ್ದೇನೆ. ನೀವೂ ನಂಬಿ." ದನಿ ಅವಳದೇ, ಉಸಿರು ಅವಳದೇ. ಕೊನೆಯ ಮಾತಿನಲ್ಲಿ ದನಿ ಇಳಿಸುವ ರೀತಿಯೂ ಅವಳದೇ. ಆ ಮಾತುಗಳನ್ನು ಮಾತ್ರ ಅವಳು ಹುಟ್ಟಿದಾಗಿನಿಂದ ಆಡಿರಲಿಲ್ಲ. ಸೋಪಿನ ನೊರೆಯ ಮುಖದಲ್ಲೇ ಕೇಳುತ್ತ ನಿಂತಳು. ತನ್ನ ಹಲ್ಲುಜ್ಜುವ ಬ್ರಷ್ಷನ್ನು ಬೇರೆ ಯಾರೋ ಬಾಯಿಗೆ ಹಾಕಿಕೊಂಡದ್ದನ್ನು ಕಂಡ ಹಾಗೆ ಆಯಿತು. ಥೂ ಅಂತ ಉಗಿದು ಬಾಯಿ ತೊಳೆದಳು, ಮತ್ತೆ ತೊಳೆದಳು.

ಆ ಹೊತ್ತಿಗೆ ಹೊರಗೆ ಬೀದಿಯಲ್ಲಿ ಗದ್ದಲ ಎದ್ದಿತ್ತು. ದೇಶಸೇವಕರ ಬುದ್ಧಿವಂತಿಕೆಗೆ ಒಂದು ಸಣ್ಣ ವಿಷಯ ಹೊಳೆದಿರಲಿಲ್ಲ. ಕ್ಷೇತ್ರದ ಎಲ್ಲ ಮನೆಗಳಿಗೂ ಒಂದೇ ಸಲ ಕರೆ ಹೋಗಿತ್ತು, ಎಲ್ಲರ ಕಿವಿಗೂ "ನಮಸ್ಕಾರ" ಬಿದ್ದಿತ್ತು, ನಂಬಿ ಅನ್ನುವ ತನಕ ಯಾರೂ ಕಾಯಲಿಲ್ಲ. ಎಲ್ಲರೂ ಪಂಪ್ ಹಾಕಿದರು. ಟ್ಯಾಂಕುಗಳು ತುಂಬಿ ಚಾವಣಿಯಿಂದ ನೀರು ಸುರಿಯಿತು. ಮೆಟ್ಟಿಲ ಮೇಲೆ ಕೊಡ, ಹಜಾರದಲ್ಲಿ ಬಕೆಟ್ಟು, ಅಡುಗೆಮನೆಯಲ್ಲಿ ಪಾತ್ರೆ ಪಗಡ. ಅಷ್ಟೂ ಪಂಪುಗಳ ಭಾರ ತಡೆಯಲಾರದೆ ಬೀದಿಯ ಟ್ರಾನ್ಸ್‌ಫಾರ್ಮರು ಡಬ್ ಅಂದು ಕೂತಿತು. ಪ್ರಚಾರಕ್ಕೆಂದು ಆರದ ಹಾಗೆ ಕಾದಿಟ್ಟಿದ್ದ ಕರೆಂಟು ಪ್ರಚಾರದಿಂದಲೇ ಹೋಯಿತು. "ನೋಡಿದ್ರಾ, ಕರೆಂಟಮ್ಮ ಯಾವತ್ತೂ ಸುಳ್ಳು ಹೇಳಲ್ಲ" ಅಂತ ಎದುರುಮನೆಯಾಕೆ ಸೆರಗು ಹಿಂಡುತ್ತ ಅಂದಳು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆ ನಗು ಬರಲಿಲ್ಲ.

ಕೆಲಸಕ್ಕೆ ಹೋದವಳೇ ಆಡಳಿತ ವಿಭಾಗಕ್ಕೆ ನುಗ್ಗಿದಳು. ಅಲ್ಲಿನ ಅಧಿಕಾರಿ ತಂಪಾಗಿ ಉತ್ತರ ಕೊಟ್ಟ: "ರೆಕಾರ್ಡಿಂಗ್ ಕಂಪನಿಯ ಆಸ್ತಿ. ಕಂಪನಿ ಅವರ ಪ್ರಚಾರಕ್ಕೆ ಬಳಸೋಕೆ ಕೊಟ್ಟಿದೆ. ನಿಮಗೇನು ನಷ್ಟ? ನಿಮ್ಮ ದನಿ ನಿಮ್ಮ ಹತ್ರಾನೇ ಇದೆಯಲ್ಲ?"

"ನಾನು ಆಡದ ಮಾತು ನನ್ನ ಬಾಯಲ್ಲಿ ಆಡಿಸಿದೀರಿ."

"ನಿಮ್ಮ ಬಾಯಲ್ಲಿ ಅಲ್ವಲ್ಲಮ್ಮ, ನಿಮ್ಮ ರೆಕಾರ್ಡಿಂಗ್ ಕೇಳಿ ದನಿ ಕಲಿತ ಕಂಪ್ಯೂಟರಿನ ಬಾಯಲ್ಲಿ."

ಇಂಥವನ ಜೊತೆ ಏನು ವಾದ ಮಾಡುವುದು? ಕ್ಯಾಂಟೀನಿನಲ್ಲಿ ಗಡ್ಡದವನು ಸಿಕ್ಕಿದ. ತನ್ನ ಹೆಚ್ಚುಗಾರಿಕೆ ಹೇಳಿಕೊಳ್ಳುವ ತೆವಲು ಅವನಿಗೆ. "ಕೋಪ ಮಾಡ್ಕೋಬೇಡಿ ಅಕ್ಕ. ಆ ನೀರಿನ ಎಡವಟ್ಟು ಸರಿ ಮಾಡಿಬಿಟ್ವಿ. ನಮಸ್ಕಾರ ತೆಗೆದುಹಾಕಿದೀವಿ. ಮೀಟರ್ ಯಾರ ಹೆಸರಲ್ಲಿದೆ, ವಯಸ್ಸೆಷ್ಟು ಎಲ್ಲ ಗೊತ್ತಲ್ಲ, ಈಗ ಒಬ್ಬೊಬ್ಬರಿಗೆ ಒಂದೊಂದು ಥರ. ಮನೆಯವರು ಮಾತಾಡಿದ ಹಾಗೇ ಇರುತ್ತೆ. ದಿನಾ ಮಾಡ್ತೀವಿ. ಜನ ತಿರುಗಿ ಮಾತೂ ಆಡ್ತಾರೆ, ಗೊತ್ತಾ?" ಅಂತ ಹಲ್ಲು ಕಿರಿದ. ಅವಳು ಟೀ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದು ಬಂದಳು.

ಕೆಲಸ ಬಿಡುತ್ತೇನೆ ಅಂದಳು. "ಬಿಡು, ನಿನ್ನ ದನಿ ಅಲ್ಲೇ ಇರುತ್ತೆ, ನೀನು ಮನೇಲಿರ್ತೀಯ. ಯಾರಿಗೆ ಲಾಭ?" ಅಂದ ಗಂಡ. ಅದೂ ನಿಜವೇ. ಮೇಲಿಂದ ಮೇಲೆ ದುಪ್ಪಟ್ಟು ಪಾಳಿ ಹಾಕಿದರು. ದೂರಿನ ಫೋನು ಎತ್ತಿ ಬಾಯಿ ತೆರೆದರೆ ಸಾಕು, "ಏನಮ್ಮ, ನೀನೂ ಮಾರಿಕೊಂಡ್ಯಾ?" ಅಂತ ಒಬ್ಬ, "ನಿಮ್ಮಿಂದಾನೇ ನಮ್ಮ ಓಟು ಅವರಿಗೆ" ಅಂತ ಇನ್ನೊಬ್ಬ. ಬೈದವನ ಮೇಲೆ ಅವಳಿಗೆ ಕೋಪ ಬರುತ್ತಿರಲಿಲ್ಲ. ಹೊಗಳಿದವನ ಮಾತು ಕೇಳಿದರೆ ಕಿವಿ ತೊಳೆದುಕೊಳ್ಳಬೇಕು ಅನಿಸುತ್ತಿತ್ತು.

ಭಾನುವಾರದ ಮಾತು ಮಾತ್ರ ತಪ್ಪಿಸಲಿಲ್ಲ. ಆದರೆ ಅಮ್ಮನ ಮಾತು ಯಾಕೋ ಮೊದಲಿನ ಹಾಗಿರಲಿಲ್ಲ. ಒಂದು ಸಲ, "ಈಗೀಗ ನೀನು ದಿನಾ ಮಾತಾಡ್ತೀಯಪ್ಪ" ಅಂದಳು. ವಾರಕ್ಕೊಮ್ಮೆ ಮಾಡುವವಳಿಗೆ ಇದು ಚುಚ್ಚುಮಾತು ಅನಿಸಿ ನಾಲಗೆ ಕಚ್ಚಿಕೊಂಡಳು. "ಏನು ಮಾಡ್ಲಮ್ಮ, ಬಿಡುವೇ ಇಲ್ಲ" ಅಂದಳು. ಇನ್ನೊಂದು ಸಲ ಅಮ್ಮ, "ನೀನು ಹೇಳಿದ ಹಾಗೇ ಮಾಡ್ತೀನಿ, ಯೋಚನೆ ಮಾಡ್ಬೇಡ" ಅಂದಳು. ಹೊತ್ತು ಹೊತ್ತಿಗೆ ಮಾತ್ರೆ ತಗೋ ಅಂತ ತಾನು ಹೇಳುತ್ತಿದ್ದದ್ದಕ್ಕೆ ಅಮ್ಮ ಒಪ್ಪಿಕೊಂಡಳು ಅಂತ ಇವಳು ಖುಷಿಪಟ್ಟಳು.

ಚುನಾವಣೆ ಮುಗಿಯಿತು. ದೊಡ್ಡವರು ಭಾರೀ ಅಂತರದಲ್ಲಿ ಗೆದ್ದರು. ಗೆದ್ದ ಬೆನ್ನಿಗೇ ರಾಜಧಾನಿಯಲ್ಲಿ ಪ್ರಮಾಣ ಮಾಡಿ ಮಂತ್ರಿಯೂ ಆದರು. ಯಾವ ಖಾತೆ ಅಂತ ಬೇರೆ ಹೇಳಬೇಕೆ? ವಿದ್ಯುತ್ತಿನದೇ. ನಿನ್ನೆಯ ತನಕ ಕಂಪನಿಯ ಪರವಾಗಿ ಸರ್ಕಾರದ ಮುಂದೆ ಕೈಚಾಚಿದವನು ಇಂದಿನಿಂದ ಸರ್ಕಾರದ ಪರವಾಗಿ ಕಂಪನಿಗೆ ಕೊಡುವವನು. ಕೈ ಅದೇ, ಜೇಬು ಅದೇ. ಕಂಪನಿಯ ಗೇಟಿಗೆ ಅವನ ಆಳೆತ್ತರದ ಫೋಟೋ ಕಟ್ಟಿದರು, ಸಂಜೆ ಅದಕ್ಕೆ ಬಣ್ಣಬಣ್ಣದ ದೀಪ ಹಾಕಿದರು. ಪ್ರಮಾಣ ಮಾಡಿದ ವಾರವೇ ಊರಿಗೆ ಮತ್ತೆ ಕತ್ತಲೆ ಬಂತು, ಈ ಸಲ ಅವನಿಗೆ ಓಟು ಹಾಕಿದ ಬೀದಿಗಳಿಗೂ. ಕರೆಂಟಮ್ಮ ವಿಷಾದಿಸತೊಡಗಿದಳು.

ಆ ಭಾನುವಾರ ಅವಳು ಫೋನ್ ಮಾಡಿದಾಗ ಅಮ್ಮ ತುಂಬ ಹಗುರಾಗಿದ್ದಳು.

"ಗೆದ್ದನಂತಲ್ಲ ನಿಮ್ಮ ಸಾಹೇಬ. ಇನ್ನು ನಿನ್ನ ತಂಟೆಗೆ ಬರಲ್ಲ ತಾನೆ?"

"ನನ್ನ ತಂಟೆಗೆ ಯಾಕೆ ಬರ್ತಾನಮ್ಮ?"

"ಈಗ ಪಕ್ಕದಲ್ಲಿ ಯಾರೂ ಇಲ್ವ? ಧೈರ್ಯವಾಗಿ ಮಾತಾಡ್ಬಹುದಾ?"

"ಯಾರೂ ಇಲ್ಲ. ಏನು ಹೇಳ್ತಿದೀಯ ನೀನು?"

ಅಮ್ಮ ಉಸಿರು ಬಿಟ್ಟಳು. "ಹಾಕ್ದೆ ಕಣೆ. ನೀನು ದಿನಾ ಅಷ್ಟು ಕೇಳ್ಕೊಂಡ್ಯಲ್ಲ, ಅವನಿಗೇ ಹಾಕ್ದೆ. ನಿಮ್ಮಪ್ಪನ ಹತ್ರ ಮನಸ್ಸಲ್ಲೇ ತಪ್ಪಾಯ್ತು ಅಂತ ಹೇಳ್ಕೊಂಡೆ. ಸತ್ತೋನು ಕ್ಷಮಿಸ್ತಾನೆ, ಬದುಕಿರೋ ಮಗಳ ಕೆಲಸ ಹೋದ್ರೆ ಏನು ಮಾಡೋದು ಅಂತ."

"ನಾನು ಕೇಳ್ಕೊಂಡ್ನಾ? ಯಾವಾಗ?"

"ಯಾವಾಗ ಅಂದ್ರೆ? ದಿನಾ ಮಧ್ಯಾಹ್ನ. 'ಅಮ್ಮಾ, ನಾನು. ಊಟ ಆಯ್ತಾ?' ಅಂತಿದ್ದೆ. ನಾನು ಆಯ್ತು ಅಂದ್ರೆ ಹೂಂ ಅಂತಿದ್ದೆ. 'ಈ ಸಲ ದೊಡ್ಡವರಿಗೆ ಓಟು ಹಾಕಮ್ಮ, ನನಗೋಸ್ಕರ' ಅಂತಿದ್ದೆ. ನಾನು ಏನಾದ್ರೂ ಕೇಳೋ ಹೊತ್ತಿಗೆ ಇಟ್ಟುಬಿಡ್ತಿದ್ದೆ. ಪಕ್ಕದಲ್ಲಿ ಯಾರನ್ನೋ ನಿಲ್ಲಿಸಿ ಹೇಳಿಸ್ತಿದಾರೆ ಅಂದ್ಕೊಂಡೆ. ಮಾಡಲ್ಲ ಅಂದ್ಯಲ್ಲ ಅವತ್ತು, ಅದರ ಸೇಡು. ಭಾನುವಾರ ನಾನಾಗಿ ಕೇಳಿದ್ರೆ ನಿನಗೆ ಕಷ್ಟ ಆಗುತ್ತೇನೋ ಅಂತ ಸುಮ್ಮನಿದ್ದೆ."

ಅವಳಿಗೆ ಗಡ್ಡದವನ ಕಿರಿದ ಹಲ್ಲು ಕಣ್ಣಿಗೆ ಕಟ್ಟಿತು. ತಮ್ಮನ ಮನೆಯ ಮೀಟರು ಅಮ್ಮನ ಹೆಸರಿನಲ್ಲಿತ್ತು, ಆ ಬೀದಿಯೂ ದೊಡ್ಡವರ ಕ್ಷೇತ್ರದ್ದೇ. ವಯಸ್ಸಾದ ಹೆಂಗಸರಿಗೆಲ್ಲ ಹೀಗೆ ಅಮ್ಮಾ ಅಂತ ಕರೆದಿದ್ದರು, ಊರಿನಲ್ಲಿ ಮಗಳ ಫೋನಿಗೆ ಕಾಯುವ ಮುದುಕಿಯರೆಲ್ಲರಿಗೂ. ಉಳಿದವರಿಗೆ ಅದು ಯಾರೋ ಒಬ್ಬ ಮಗಳ ದನಿ. ಇವಳ ಅಮ್ಮನಿಗೆ ಮಾತ್ರ ಸ್ವಂತ ಮಗಳದೇ. ತನ್ನ ಗಂಡನನ್ನು ಕೊಂದು, ಸತ್ತ ಮೇಲೆ ಅವನ ಮೇಲೆ ಸುಳ್ಳು ಹೊರಿಸಿದವನಿಗೆ ಆ ಮುದುಕಿ ತಡಕಾಡುತ್ತ ಹೋಗಿ ಓಟು ಹಾಕಿ ಬಂದಿದ್ದಳು. ಇದಕ್ಕಿಂತ ಹೇಸಿಗೆ ಇನ್ನೇನಿದೆ?

"ಅಮ್ಮ, ಅದು ನಾನಲ್ಲ" ಅಂದಳು. "ಯಂತ್ರ ಅದು. ನನ್ನ ದನಿ ಕದ್ದು ಯಂತ್ರದಲ್ಲಿ ಮಾತಾಡಿಸಿದಾರೆ. ನಾನು ಯಾವತ್ತೂ ನಿನ್ನ ಹತ್ರ ಓಟು ಕೇಳಲಿಲ್ಲ."

"ಯಂತ್ರಾನಾ? ಕರೆಂಟು ಹೋಗೋ ಫೋನ್ ಆದ್ರೆ ನಮಸ್ಕಾರ ಅಂತ ಶುರುವಾಗುತ್ತೆ. ಅಷ್ಟೂ ಗೊತ್ತಾಗಲ್ವ ನಂಗೆ? ನನ್ನ ಮಗಳ ದನಿ ಗೊತ್ತಾಗಲ್ವ?"

"ದನಿ ನಂದೇ ಅಮ್ಮ. ಮಾತು ನಂದಲ್ಲ."

ಅಮ್ಮನ ಮನೆಯ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿತ್ತು. ಅಮ್ಮ ಬೈಯಲಿ, ಅಳಲಿ, ಏನಾದರೂ ಅನ್ನಲಿ ಅಂತ ಇವಳು ಕಾದಳು. ಅಮ್ಮ ಮತ್ತೆ ಬಾಯಿ ತೆರೆದಾಗ ದನಿ ಅಪರಿಚಿತರ ಜೊತೆ ಮಾತಾಡುವ ಹಾಗಿತ್ತು.

"ಹಾಗಾದ್ರೆ ಈಗ ಮಾತಾಡ್ತಿರೋದು ಯಾರು?"

"ಅಮ್ಮಾ, ನಾನು."

"ಅವಳೂ ಹಾಗೇ ಅಂತಿದ್ಲು" ಅಂದಳು ಅಮ್ಮ. ತಡಕಾಡಿ ಗುಂಡಿ ಹುಡುಕಿ ಫೋನ್ ಇಟ್ಟುಬಿಟ್ಟಳು.